ಓದುಗರ ಪ್ರಶ್ನೆಗೆ ಉತ್ತರ: ಅಚ್ಚಿಲ್ಲದೆ ಒಂದೇ ಅಳತೆಗೆ ಬರುವ ಪಾಲಿಮರ್ ಕಣಗಳು

ಹಿಂದಿನ ಸಂಚಿಕೆಯಲ್ಲಿ ಲೇಟೆಕ್ಸ್ ಕಣಗಳ, ಅಂದರೆ ನೀರಿನಲ್ಲಿ ಹರಡಿಕೊಂಡಿರುವ ಪಾಲಿಮರಿನ (ಚಿಕ್ಕ ಅಣುಗಳು ಸರಪಳಿಯಾಗಿ ಜೋಡಿಕೊಂಡ ವಸ್ತುವಿನ) ಸೂಕ್ಷ್ಮ ಗೋಳಗಳ ವಿಷಯ ಎರಡು ಸಾಲಿನಲ್ಲಿ ಬಂದು ಹೋಗಿತ್ತು. ಆ ಎರಡು ಸಾಲಿಗೆ ಬಂದಷ್ಟು ಪತ್ರಗಳು ಉಳಿದ ಪುಟಗಳಿಗೆ ಬಂದಿಲ್ಲವಾದ್ದರಿಂದ, ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಈ ಕಣಗಳಿಗೇ ಬಿಟ್ಟುಕೊಟ್ಟಿದ್ದೇವೆ. ಒಂದೇ ಅರ್ಥದ ಪ್ರಶ್ನೆಗಳನ್ನು ಒಂದಾಗಿ ಸೇರಿಸಿದ್ದೇವೆ.

ಪ್ರಶ್ನೆ: ಎಣ್ಣೆಯಂಥ ದ್ರವವನ್ನು ನೀರು, ಸೋಪಿನ ಜೊತೆ ಕಲಕಿದರೆ ಚಿಕ್ಕವು ದೊಡ್ಡವು ಎಲ್ಲ ಬಗೆಯ ಹನಿಗಳೂ ಬೆರೆತೇ ಇರುತ್ತವೆ. ಹಾಗಿರುವಾಗ ಅದೇ ಪಾತ್ರೆಯಿಂದ ಹೊರಬರುವ ಪಾಲಿಮರ್ ಕಣಗಳು ಮಾತ್ರ ಒಂದೇ ಗಾತ್ರದವಾಗಿರುವುದು ಹೇಗೆ? ಆಮೇಲೆ ಜರಡಿ ಹಿಡಿಯುತ್ತಾರೆಯೇ?

ಉತ್ತರ: ಜರಡಿ ಹಿಡಿಯುವುದಿಲ್ಲ. ಹಿಡಿಯಹೊರಟರೆ ಎಷ್ಟು ಪಾಡುಪಡಬೇಕಾಗುತ್ತದೆ ಎಂಬುದನ್ನು ಫ್ರಾನ್ಸಿನ ಭೌತವಿಜ್ಞಾನಿ ಝಾನ್ ಪೆರಾಂ ಶತಮಾನದ ಹಿಂದೆಯೇ ಅನುಭವಿಸಿದ್ದರು. 1908ರ ಸುಮಾರಿಗೆ, ಅಣುಗಳು ನಿಜವಾಗಿಯೂ ಇವೆ ಎಂದು ತೋರಿಸುವ ಪ್ರಯೋಗಗಳಿಗೆ ಅವರಿಗೆ ಒಂದೇ ಗಾತ್ರದ ಸೂಕ್ಷ್ಮ ಗೋಳಗಳು ಬೇಕಾಗಿದ್ದವು. ಗ್ಯಾಂಬೋಜ್ ಎಂಬ ಹಳದಿ ಮರದಂಟನ್ನು ನೀರಿನಲ್ಲಿ ತೇಯ್ದು, ಸೆಂಟ್ರಿಫ್ಯೂಜಿನಲ್ಲಿ ಮತ್ತೆ ಮತ್ತೆ ತಿರುಗಿಸಿ, ಗಾತ್ರವಾರು ಬೇರ್ಪಡಿಸುತ್ತ ಹೋದ ಅವರಿಗೆ ಒಂದು ಕಿಲೋಗ್ರಾಂ ಅಂಟಿನಿಂದ ತಿಂಗಳುಗಟ್ಟಲೆ ದುಡಿದ ಮೇಲೆ ದಕ್ಕಿದ್ದು ಒಂದು ಗ್ರಾಮಿಗಿಂತ ಕಡಿಮೆ. ಆ ದುಡಿಮೆ ವ್ಯರ್ಥವಾಗಲಿಲ್ಲ, 1926ರಲ್ಲಿ ಅವರಿಗೆ ನೊಬೆಲ್ ಬಂತು. ಆದರೆ ಕಣ ತಯಾರಿಸುವ ದಾರಿ ಅದಲ್ಲ.

ಇಂದಿನ ವಿಧಾನದಲ್ಲಿ ಕಣಗಳನ್ನು ಆರಿಸುವುದಿಲ್ಲ, ಒಟ್ಟಿಗೆ ಹುಟ್ಟಿಸುತ್ತಾರೆ. ನಿಮ್ಮ ಪ್ರಶ್ನೆಯಲ್ಲಿರುವ ಒಂದು ಊಹೆಯನ್ನು ಮೊದಲು ಸರಿಪಡಿಸಬೇಕು: ಎಮಲ್ಷನ್ ಪಾಲಿಮರೀಕರಣ ಎಂಬ ಈ ವಿಧಾನದಲ್ಲಿ ನೀವು ಕಾಣುವ ಹನಿಗಳು ಕಣಗಳಾಗುವುದಿಲ್ಲ. ಕೆಲವು ಮೈಕ್ರೋಮೀಟರ್ ಅಗಲದ ಆ ಸ್ಟೈರೀನ್ (ಪಾಲಿಸ್ಟೈರೀನ್ ಎಂಬ ಪಾಲಿಮರಾಗುವ ಮೂಲ ದ್ರವ) ಹನಿಗಳು ಬರೀ ಉಗ್ರಾಣಗಳು. ಕ್ರಿಯೆಯನ್ನು ಆರಂಭಿಸುವ ಪೊಟ್ಯಾಸಿಯಂ ಪರ್‌ಸಲ್ಫೇಟ್ ಕರಗುವುದು ನೀರಿನಲ್ಲಿ, ಹನಿಯಲ್ಲಲ್ಲ. 70 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಅದು ಒಡೆದು, ಒಂಟಿ ಎಲೆಕ್ಟ್ರಾನ್ ಹೊತ್ತು ಬೇರೆ ಅಣುಗಳಿಗೆ ಅಂಟಿಕೊಳ್ಳಲು ಹಾತೊರೆಯುವ ತುಣುಕುಗಳು, ಅಂದರೆ ರ‍್ಯಾಡಿಕಲ್‌ಗಳಾಗುತ್ತದೆ. ನೀರಿನಲ್ಲಿ ಅತ್ಯಲ್ಪವಾಗಿ ಕರಗಿರುವ ಸ್ಟೈರೀನ್ ಅಣುಗಳು ಒಂದೊಂದಾಗಿ ಆ ರ‍್ಯಾಡಿಕಲ್‌ಗೆ ಸೇರುತ್ತ ಹೋಗಿ, ಸರಪಳಿ ಸ್ವಲ್ಪ ಉದ್ದವಾಗುತ್ತಲೇ ನೀರಿಗೆ ಅದು ಬೇಡವಾಗುತ್ತದೆ. ಆಗ ಅದು ಸೋಪಿನ ಅಣುಗಳು ಗುಂಪುಗೂಡಿ ಮಾಡಿಕೊಂಡಿರುವ, ಐದಾರು ನ್ಯಾನೋಮೀಟರಿನ ಮೈಸೆಲ್‌ಗಳೊಳಗೆ ನುಸುಳುತ್ತದೆ. ಸೋಪೇ ಇಲ್ಲದ ವಿಧಾನದಲ್ಲಾದರೆ ತಾನೇ ಮುದುಡಿಕೊಂಡು, ತನ್ನಂಥ ಇತರರೊಂದಿಗೆ ಸೇರಿ ಒಂದು ಕಣದ ಮೊಳಕೆಯಾಗುತ್ತದೆ. ರ‍್ಯಾಡಿಕಲ್ ದೊಡ್ಡ ಹನಿಯೊಳಗೇ ಹೋಗಬಾರದೇಕೆ ಎಂದು ಕೇಳಬಹುದು. ಹೋಗಬಹುದು, ಆದರೆ ಮೈಸೆಲ್‌ಗಳ ಸಂಖ್ಯೆಯ ಮುಂದೆ ಹನಿಗಳು ಲೆಕ್ಕಕ್ಕೇ ಇಲ್ಲ; ಅವುಗಳ ಒಟ್ಟು ಮೇಲ್ಮೈ ಮೈಸೆಲ್‌ಗಳ ಮೇಲ್ಮೈಗೆ ಹೋಲಿಸಿದರೆ ನಗಣ್ಯ. ಈ ಚಿತ್ರವನ್ನು 1947ರಲ್ಲಿ ರಸಾಯನವಿಜ್ಞಾನಿ ಹಾರ್ಕಿನ್ಸ್ ವಿವರಿಸಿದರು, ಮರುವರ್ಷ ಸ್ಮಿತ್ ಮತ್ತು ಎವರ್ಟ್ ಅದಕ್ಕೆ ಗಣಿತದ ರೂಪ ಕೊಟ್ಟರು.

ಮೊಳಕೆಗಳು ಬೆಳೆದಂತೆ ಅವುಗಳ ಮೈ ಮುಚ್ಚಲು ಸೋಪು ಬೇಕಾಗುತ್ತದೆ. ಸ್ವಲ್ಪ ಹೊತ್ತಿನಲ್ಲೇ ಮೈಸೆಲ್‌ಗಳೆಲ್ಲ ಕರಗಿ, ಸೋಪು ಪೂರ್ತಿ ಕಣಗಳ ಮೈಗೆ ಅಂಟಿಬಿಡುತ್ತದೆ. ಅಲ್ಲಿಗೆ ಹುಟ್ಟು ನಿಂತಿತು. ಇನ್ನು ಉಳಿದದ್ದು ಬೆಳವಣಿಗೆ ಮಾತ್ರ. ಉಗ್ರಾಣದ ಹನಿಗಳಿಂದ ಸ್ಟೈರೀನ್ ನೀರಿನ ಮೂಲಕ ಇಳಿದು ಬಂದು ಕಣಗಳನ್ನು ಸೇರುತ್ತ ಹೋಗುತ್ತದೆ. ಹುಟ್ಟಿನ ಅವಧಿ ನಿಮಿಷಗಳದ್ದು, ಬೆಳವಣಿಗೆಯ ಅವಧಿ ಗಂಟೆಗಳದ್ದು ಎಂದಾದರೆ, ಕೊನೆಯಲ್ಲಿ ಎಲ್ಲ ಕಣಗಳ ವಯಸ್ಸೂ ಹೆಚ್ಚುಕಡಿಮೆ ಒಂದೇ.

ಆದರೂ ಮೊದಲು ಹುಟ್ಟಿದ್ದು ಒಂದಿಷ್ಟು ದೊಡ್ಡದೇ ಇರಬೇಕಲ್ಲ ಎಂಬ ಅನುಮಾನ ಉಳಿಯುತ್ತದೆ. ಇಲ್ಲಿ ಒಂದು ಲೆಕ್ಕ ಮಾಡಿ ನೋಡುವುದು ಒಳ್ಳೆಯದು. ನನಗಂತೂ ಈ ವಿಷಯದಲ್ಲಿ ಇದಕ್ಕಿಂತ ಚೆಂದದ ಭಾಗ ಬೇರೆ ಇಲ್ಲ. ಹುಟ್ಟು ಮುಗಿಯುವ ಹೊತ್ತಿಗೆ ಒಂದು ಕಣದ ವ್ಯಾಸ 100 ನ್ಯಾನೋಮೀಟರ್, ಇನ್ನೊಂದರದ್ದು 200 ಎನ್ನೋಣ. ಚಿಕ್ಕದರ ಘನಫಲವನ್ನು 1 ಎಂದು ಹಿಡಿದರೆ ದೊಡ್ಡದರ ಘನಫಲ 8. ಇಷ್ಟು ಚಿಕ್ಕ ಕಣಗಳಲ್ಲೆಲ್ಲ ಸರಾಸರಿ ಅರ್ಧ ರ‍್ಯಾಡಿಕಲ್ ಇರುತ್ತದೆ, ಅಂದರೆ ಯಾವುದೇ ಕಣ ಅರ್ಧ ಕಾಲ ಬೆಳೆಯುತ್ತ ಅರ್ಧ ಕಾಲ ಸುಮ್ಮನಿರುತ್ತದೆ. ಹಾಗಾಗಿ ಒಂದು ಗಂಟೆಯಲ್ಲಿ ಎರಡಕ್ಕೂ ಸೇರುವ ಪಾಲಿಮರಿನ ಘನಫಲ ಸಮಾನ. ಎರಡಕ್ಕೂ 999 ಪಾಲು ಸೇರಿತೆಂದುಕೊಳ್ಳಿ. ಚಿಕ್ಕದು 1000 ಆಯಿತು, ದೊಡ್ಡದು 1007. ಘನಮೂಲ ತೆಗೆದರೆ ವ್ಯಾಸಗಳು 1000 ಮತ್ತು 1002.3 ನ್ಯಾನೋಮೀಟರ್. ಒಂದಕ್ಕೆರಡರಷ್ಟಿದ್ದ ಅಂತರ ಸಾವಿರಕ್ಕೆ ಎರಡು ಪಾಲಿಗೆ ಇಳಿಯಿತು. ವಾಸ್ತವದಲ್ಲಿ ಕಣ ದೊಡ್ಡದಾದಂತೆ ಅದರೊಳಗೆ ಏಕಕಾಲಕ್ಕೆ ಒಂದಕ್ಕಿಂತ ಹೆಚ್ಚು ರ‍್ಯಾಡಿಕಲ್‌ಗಳು ಬದುಕಿರಬಲ್ಲವಾದ್ದರಿಂದ ಫಲ ಇಷ್ಟು ಚೊಕ್ಕಟವಾಗಿ ಬರುವುದಿಲ್ಲ. ಆದರೆ ದಿಕ್ಕು ಇದೇ. ಹುಟ್ಟಿನ ಸಣ್ಣಪುಟ್ಟ ವ್ಯತ್ಯಾಸವನ್ನು ಬೆಳವಣಿಗೆಯೇ ಅಳಿಸುತ್ತದೆ. ಬೆಳವಣಿಗೆಯ ನಡುವೆ ಆಗುವ ಹೊಸ ಹುಟ್ಟನ್ನು ಮಾತ್ರ ಅದು ಅಳಿಸಲಾರದು.

ಪ್ರಶ್ನೆ: ನಾನು ಸಂಶೋಧನಾ ವಿದ್ಯಾರ್ಥಿ. ಸೋಪಿಲ್ಲದ ವಿಧಾನದಲ್ಲಿ ಪಾಲಿಸ್ಟೈರೀನ್ ಕಣಗಳನ್ನು ಮಾಡುತ್ತಿದ್ದೇನೆ. ಎರಡು ಗಂಟೆಯ ಬಳಿಕ ಪಾತ್ರೆಯ ಗೋಡೆಗೆ ಗಂಟುಗಳು ಕಟ್ಟುವುದನ್ನು ಕಂಡು ಸ್ವಲ್ಪ ಸೋಡಿಯಂ ಡೊಡೆಸಿಲ್ ಸಲ್ಫೇಟ್ ಎಂಬ ಸೋಪು ಸೇರಿಸಿದೆ. ಬೆಳಕಿನ ಚದುರಿಕೆಯ ಯಂತ್ರ 400 ನ್ಯಾನೋಮೀಟರಿನ ಒಂದೇ ಗುಂಪು ತೋರಿಸಿತು, ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಮಾತ್ರ 80 ನ್ಯಾನೋಮೀಟರಿನ ಮರಿಗಳ ಹಿಂಡೇ ಕಂಡಿತು. ಯಾವುದನ್ನು ನಂಬಲಿ?

ಉತ್ತರ: ಮೈಕ್ರೋಸ್ಕೋಪನ್ನು ನಂಬಿ. ಆ ಮರಿಗಳು ಹುಟ್ಟಿದ್ದು ನೀವು ಸೋಪು ಹಾಕಿದ ಕ್ಷಣದಲ್ಲಿ. ಇರುವ ಕಣಗಳ ಮೈ ಹೀರಿಕೊಳ್ಳಬಲ್ಲಷ್ಟು ಸೋಪನ್ನು ಮಾತ್ರ ಸೇರಿಸಿದ್ದರೆ ಅದು ಅಲ್ಲಿಗೇ ಹೋಗಿ ಅಂಟುತ್ತಿತ್ತು. ಒಂದೇ ಸಲಕ್ಕೆ ಹೆಚ್ಚು ಸುರಿದಾಗ ಮೈ ತುಂಬಿ, ಉಳಿದದ್ದು ನೀರಿನಲ್ಲಿ ಮೈಸೆಲ್‌ಗಳಾಗಿ, ಹೊಸ ತೊಟ್ಟಿಲುಗಳು ಸಿದ್ಧವಾದವು. ಪರ್‌ಸಲ್ಫೇಟ್ ಇನ್ನೂ ಒಡೆಯುತ್ತಲೇ ಇತ್ತು. 25 ಡಿಗ್ರಿಯ ಶುದ್ಧ ನೀರಿನಲ್ಲಿ ಈ ಸೋಪು ಮೈಸೆಲ್ ಕಟ್ಟತೊಡಗುವುದು ಲೀಟರಿಗೆ ಸುಮಾರು 8 ಮಿಲಿಮೋಲ್ ಸಾರತೆಯಲ್ಲಿ, ಅಂದರೆ 2.3 ಗ್ರಾಂನಷ್ಟಿರುವಾಗ. ಲವಣವಿದ್ದರೆ ಆ ಮಿತಿ ಇನ್ನೂ ಕೆಳಗಿಳಿಯುತ್ತದೆ, ಮತ್ತು ನಿಮ್ಮ ಪರ್‌ಸಲ್ಫೇಟೇ ಒಂದು ಲವಣ ಎಂಬುದನ್ನು ಮರೆಯಬೇಡಿ. ಮೈಸೆಲ್ ಕಟ್ಟದಿದ್ದರೂ ಹೊಸ ಹುಟ್ಟು ಸಾಧ್ಯ. ನೀರಿನಲ್ಲಿ ಮುದುಡಿದ ಸರಪಳಿಗಳು ಹಳೆಯ ಕಣಗಳಿಗೆ ಅಂಟಿಕೊಳ್ಳುವ ಮೊದಲೇ ಅವುಗಳಿಗೆ ಸೋಪಿನ ಹೊದಿಕೆ ಸಿಕ್ಕಿದರೆ ಸಾಕು, ಅವು ಪ್ರತ್ಯೇಕ ಸಂಸಾರ ಹೂಡುತ್ತವೆ.

ಯಂತ್ರ ಸುಳ್ಳು ಹೇಳಲಿಲ್ಲ, ಆದರೆ ಅದಕ್ಕೆ ಚಿಕ್ಕವು ಕಾಣಿಸಲಿಲ್ಲ. ತೀರಾ ಚಿಕ್ಕ ಕಣಗಳು ಚದುರಿಸುವ ಬೆಳಕು ವ್ಯಾಸದ ಆರನೇ ಘಾತಕ್ಕೆ ಅನುಗುಣವಾಗಿ ಏರುತ್ತದೆ. 80ಕ್ಕೆ ಐದು ಪಟ್ಟು 400. ಐದರ ಆರನೇ ಘಾತ 15,625. ನಿಮ್ಮ ದೊಡ್ಡ ಕಣಗಳಿಗೆ ಆ ನಿಯಮ ಇಷ್ಟು ನೇರವಾಗಿ ಅನ್ವಯಿಸದಿದ್ದರೂ, ಒಂದೊಂದು ದೊಡ್ಡ ಕಣದ ಹೊಳಪಿನಲ್ಲಿ ಸಾವಿರಾರು ಮರಿಗಳು ಮುಚ್ಚಿಹೋಗುತ್ತವೆ ಎಂಬುದಂತೂ ನಿಜ.

ಇನ್ನು ಗಂಟುಗಳ ವಿಚಾರ. ಮೂಲ ದೋಷ ಅಲ್ಲಿದೆ, ಸೋಪಿನಲ್ಲಲ್ಲ. ಸೋಪಿಲ್ಲದ ವಿಧಾನದಲ್ಲಿ ಕಣಗಳನ್ನು ದೂರದೂರ ಇಡುವುದು ಪರ್‌ಸಲ್ಫೇಟಿನಿಂದ ಬಂದು ಸರಪಳಿಯ ತುದಿಯಲ್ಲಿ ಕುಳಿತ ಸಲ್ಫೇಟ್ ಗುಂಪುಗಳ ಋಣ ವಿದ್ಯುದಂಶ ಮಾತ್ರ. ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇದ್ದರೆ ಆ ವಿಕರ್ಷಣೆ ಕುಗ್ಗುತ್ತದೆ, ಆದ್ದರಿಂದ ಅಯಾನು ತೆಗೆದ ನೀರನ್ನೇ ಬಳಸಿ. ಕಲಕುವ ಅಲಗು ಸುಳಿ ಎಬ್ಬಿಸಿ ಗಾಳಿ ಎಳೆದುಕೊಳ್ಳುವಷ್ಟು ವೇಗವಾಗಿ ತಿರುಗಬಾರದು. ಸ್ಟೈರೀನ್ ಮೇಲೆ ಪದರವಾಗಿ ನಿಲ್ಲುವಷ್ಟು ನಿಧಾನವೂ ಆಗಬಾರದು. ಸ್ಟೈರೀನ್ ತಾನಾಗಿ ಪಾಲಿಮರ್ ಆಗದಿರಲೆಂದು ತಯಾರಕರು ಅದರಲ್ಲಿ ಬೆರೆಸಿರುವ ಟರ್ಷಿಯರಿ ಬ್ಯುಟೈಲ್ ಕೆಟೆಕಾಲನ್ನು ಕ್ಷಾರದಿಂದ ತೊಳೆದೋ ಅಲ್ಯೂಮಿನಾ ಕಂಬದಲ್ಲಿ ಹಾಯಿಸಿಯೋ ತೆಗೆದಿದ್ದೀರಾ, ನೈಟ್ರೋಜನ್ ಹಾಯಿಸಿ ಆಮ್ಲಜನಕ ಹೊರಹಾಕಿದ್ದೀರಾ ಎಂದೂ ನೋಡಿಕೊಳ್ಳಿ. ಈ ಎರಡೂ ರ‍್ಯಾಡಿಕಲ್‌ಗಳನ್ನು ನುಂಗುತ್ತವೆ. ಅವು ಅರೆಬರೆ ಉಳಿದಿದ್ದರೆ ಹುಟ್ಟು ಒಮ್ಮೆಲೇ ಆಗದೆ ಎಳೆದಾಡುತ್ತದೆ.

ಪ್ರಯೋಗಾಲಯದ ಹಳಬರ ಒಂದು ಅಭ್ಯಾಸವನ್ನು ನಾನು ಎಲ್ಲರಿಗೂ ಹೇಳುತ್ತೇನೆ. ನೀರು, ಸ್ಟೈರೀನ್ ಎರಡೂ 70 ಡಿಗ್ರಿಗೆ ಬಂದು ಅಲ್ಲಾಡದೆ ನಿಂತ ಮೇಲೆ, ಪರ್‌ಸಲ್ಫೇಟನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ ಒಂದೇ ಸಲಕ್ಕೆ ಸುರಿಯುತ್ತಾರೆ. ಆಮೇಲೆ ಪಾತ್ರೆಯ ಹಿಂದೆ ಒಂದು ದೀಪ ಇಟ್ಟು ಕಾಯುತ್ತಾರೆ. ಮೊದಲು ತೆಳುವಾದ ನೀಲಿ ಛಾಯೆ, ದೀಪವನ್ನು ನೇರ ನೋಡಿದರೆ ಕೆಂಬಣ್ಣ, ಬಳಿಕ ಬಿಳುಪು. ನೀಲಿ ಕಾಣಿಸಿಕೊಂಡು ಬಿಳುಪಾಗುವವರೆಗಿನ ಆ ಹೊತ್ತಿನಲ್ಲಿ ಉಷ್ಣತೆ ಒಂದು ಡಿಗ್ರಿಯೂ ಅತ್ತಿತ್ತ ಆಗಬಾರದು. ಬೆಳೆಯ ಸಿರಿಯನ್ನು ಮೊಳಕೆಯಲ್ಲೇ ನೋಡು ಎಂಬ ಗಾದೆ ಯಾರೋ ಲೇಟೆಕ್ಸ್ ಮಾಡುವವರೇ ಕಟ್ಟಿದ್ದಿರಬೇಕು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಇಷ್ಟಾಗಿಯೂ ದೊಡ್ಡ ಕಣ ಬೇಕೆಂದರೆ ಒಂದೇ ಹಂತದಲ್ಲಿ ಹಟ ಹಿಡಿಯಬೇಡಿ. ಚೆನ್ನಾಗಿ ಬಂದ ಚಿಕ್ಕ ಕಣಗಳನ್ನೇ ಬೀಜವಾಗಿಟ್ಟುಕೊಂಡು, ಅವು ಮುಗಿಸುವಷ್ಟೇ ವೇಗದಲ್ಲಿ ಸ್ಟೈರೀನನ್ನು ತೊಟ್ಟಿಕ್ಕಿಸುತ್ತ ಬೆಳೆಸಿ.

ಪ್ರಶ್ನೆ: ನಿಯಂತ್ರಿತ ಪಾಲಿಮರೀಕರಣ ಎಂದರೆ ರ‍್ಯಾಫ್ಟ್, ಎಟಿಆರ್‌ಪಿ ಮೊದಲಾದ ವಿಧಾನಗಳು ಎಂದು ಓದಿದ್ದೇನೆ. ಒಂದೇ ಗಾತ್ರದ ಕಣಗಳಿಗೆ ಇವು ಬೇಕೇ ಬೇಕೇ?

ಉತ್ತರ: ಬೇಡ. ಎರಡು ಬಗೆಯ ಸಮಾನತೆಗಳಿಗೆ ಒಂದೇ ಪದ ಬಳಕೆಯಾಗಿ ಈ ಗೊಂದಲ ಹುಟ್ಟಿದೆ. ಸರಪಳಿಯ ತುದಿ ಸಾಯದೆ ಬೆಳೆಯುತ್ತಲೇ ಇರುವ ಜೀವಂತ ಋಣ ಅಯಾನಿಕ ವಿಧಾನ (ಮೈಕೆಲ್ ಶ್ವಾರ್ಟ್ಸ್, 1956), ಎಟಿಆರ್‌ಪಿ (1995), ಆಸ್ಟ್ರೇಲಿಯಾದ ಸರ್ಕಾರಿ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ಒದಿಂದ 1998ರಲ್ಲಿ ಬಂದ ರ‍್ಯಾಫ್ಟ್, ಇವೆಲ್ಲ ಹಿಡಿತದಲ್ಲಿಡುವುದು ಸರಪಳಿಯ ಉದ್ದವನ್ನು. ಕಣದ ಗಾತ್ರವನ್ನು ಹಿಡಿತದಲ್ಲಿಡುವುದು ಮೇಲೆ ಹೇಳಿದ ಹುಟ್ಟು-ಬೆಳವಣಿಗೆಯ ವ್ಯವಸ್ಥೆ. 200 ನ್ಯಾನೋಮೀಟರ್ ವ್ಯಾಸದ ಒಂದು ಪಾಲಿಸ್ಟೈರೀನ್ ಕಣದಲ್ಲಿ ಹತ್ತು ಲಕ್ಷ ಅಣುತೂಕದ ಸರಪಳಿಗಳು ಸುಮಾರು ಎರಡೂವರೆ ಸಾವಿರ ಹಿಡಿಸುತ್ತವೆ. ಅವುಗಳಲ್ಲಿ ಕೆಲವು ಗಿಡ್ಡ, ಕೆಲವು ಉದ್ದ ಇದ್ದರೂ ಕಣದ ವ್ಯಾಸಕ್ಕೆ ಅದರಿಂದ ಏನೂ ಆಗಬೇಕಿಲ್ಲ. ಹಾಗೆಯೇ ಸರಪಳಿಗಳು ಅಚ್ಚುಕಟ್ಟಾಗಿದ್ದು ಕಣಗಳು ಅಡ್ಡಾದಿಡ್ಡಿಯಾಗಿರುವುದೂ ಸಾಧ್ಯ. ರ‍್ಯಾಫ್ಟ್ ಅನ್ನು ನೇರವಾಗಿ ಎಮಲ್ಷನ್‌ಗೆ ಇಳಿಸಿದ ಆರಂಭದ ಪ್ರಯತ್ನಗಳಲ್ಲಿ ನಿಯಂತ್ರಕ ಅಣು ಹನಿಗಳಲ್ಲೇ ಉಳಿದು, ಪಾತ್ರೆಯ ಮೇಲೆ ಬಣ್ಣದ ಎಣ್ಣೆಯ ಪದರ ತೇಲುತ್ತಿತ್ತು.

ಎರಡೂ ಸಮಾನತೆಗಳು ಕೈಕೂಡಿಸುವ ಒಂದು ವಿಧಾನ ಈಗ ಚೆನ್ನಾಗಿ ಬೆಳೆದಿದೆ. ನೀರಿಗೆ ಒಗ್ಗುವ ಒಂದು ಸರಪಳಿಯನ್ನು ಮೊದಲು ರ‍್ಯಾಫ್ಟ್‌ನಿಂದ ಕಟ್ಟಿ, ಅದರ ತುದಿಯಿಂದಲೇ ನೀರಿಗೆ ಒಗ್ಗದ ಎರಡನೇ ಭಾಗವನ್ನು ಬೆಳೆಸುತ್ತ ಹೋಗುತ್ತಾರೆ. ಆ ಭಾಗ ಸಾಕಷ್ಟು ಉದ್ದವಾದಾಗ ಸರಪಳಿಗಳು ತಾವಾಗಿಯೇ ಗುಂಪುಗೂಡಿ, ಒಗ್ಗದ ತುದಿಗಳನ್ನು ಒಳಗೆ ಮುಚ್ಚಿಟ್ಟುಕೊಳ್ಳುತ್ತವೆ. ಎರಡು ಭಾಗಗಳ ಉದ್ದದ ಅನುಪಾತವನ್ನು ಬದಲಿಸಿದರೆ ಗೋಳ, ಹುಳುವಿನಂಥ ಎಳೆ, ಒಳಗೆ ಟೊಳ್ಳಿರುವ ಚೀಲ, ಹೀಗೆ ಆಕಾರವೇ ಬದಲಾಗುತ್ತದೆ.

ಇದಕ್ಕೆ ಹೊಂದಿಕೊಂಡೇ ಇನ್ನೊಂದು ಎಚ್ಚರಿಕೆ: ಪ್ರಬಂಧಗಳಲ್ಲಿ ಪಿಡಿಐ (ಹರವಿನ ಸೂಚ್ಯಂಕ) ಎಂಬ ಒಂದೇ ಅಕ್ಷರಗುಚ್ಛ ಎರಡು ಬೇರೆ ಸಂಖ್ಯೆಗಳಿಗೆ ನಿಂತಿರುತ್ತದೆ. ಸರಪಳಿಗಳದ್ದಾದರೆ ಅತ್ಯುತ್ತಮ ಮೌಲ್ಯ 1ರ ಹತ್ತಿರ. ಬೆಳಕಿನ ಚದುರಿಕೆಯಿಂದ ಬಂದ ಕಣಗಳದ್ದಾದರೆ 0ಯ ಹತ್ತಿರ. ಎರಡನೆಯದು ಹೆಚ್ಚುಕಡಿಮೆ ಸಾಪೇಕ್ಷ ಹರವಿನ ವರ್ಗ, ಆದ್ದರಿಂದ 0.05 ಎಂದು ಓದಿ ಹಿಗ್ಗುವ ಮೊದಲು ವರ್ಗಮೂಲ ತೆಗೆದು ನೋಡಿ: ನೂರಕ್ಕೆ 22 ಪಾಲು ಹರವು. ಏಕಗಾತ್ರದ ಕಣ ಎಂದು ಸಾಮಾನ್ಯವಾಗಿ ಕರೆಯುವುದು ಆ ಹರವು ಐದು ಪ್ರತಿಶತಕ್ಕಿಂತ ಕಡಿಮೆ ಇದ್ದಾಗ. ಅದನ್ನು ಹೇಳಲು ಮೈಕ್ರೋಸ್ಕೋಪಿನ ಚಿತ್ರದಲ್ಲಿ ನೂರಾರು ಕಣಗಳನ್ನು ಅಳೆಯುವುದೇ ಸರಿ.

ಪ್ರಶ್ನೆ: ಇಷ್ಟೊಂದು ಸಮಾನತೆ ಯಾರಿಗೆ ಬೇಕು?

ಉತ್ತರ: ಮೊದಲು ಬೇಕಾದದ್ದು ಅಳತೆಗೋಲು ಇಲ್ಲದವರಿಗೆ. 1947ರ ಹೊತ್ತಿಗೆ ಡೌ ಕಂಪನಿಯ 580-ಜಿ ಎಂಬ ಪಾಲಿಸ್ಟೈರೀನ್ ಲೇಟೆಕ್ಸ್ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನವರ ಕಣ್ಣಿಗೆ ಬಿತ್ತು. ಅದರ ಕಣಗಳು ಎಷ್ಟು ಸಮಾನವಾಗಿದ್ದವೆಂದರೆ, ಮೈಕ್ರೋಸ್ಕೋಪಿನ ವರ್ಧನೆಯನ್ನೇ ಅವುಗಳಿಂದ ಸರಿಹೊಂದಿಸತೊಡಗಿದರು. ಕಣ ಎಣಿಸುವ ಯಂತ್ರಗಳಿಗೆ, ಶೋಧಕಗಳ ರಂಧ್ರ ಪರೀಕ್ಷೆಗೆ ಇಂದಿಗೂ ಇಂಥವೇ ಬೇಕು. 1956ರಲ್ಲಿ ಸಿಂಗರ್ ಮತ್ತು ಪ್ಲಾಟ್ಜ್ ಲೇಟೆಕ್ಸ್ ಕಣಗಳಿಗೆ ಪ್ರೋಟೀನ್ ಹೊದಿಸಿ ಸಂಧಿವಾತದ ರಕ್ತಪರೀಕ್ಷೆ ರೂಪಿಸಿದ ಮೇಲೆ ವೈದ್ಯಕೀಯದ ಬಾಗಿಲು ತೆರೆಯಿತು. ಅಲ್ಲಿ ಮೇಲ್ಮೈಯ ಲೆಕ್ಕವೇ ಮುಖ್ಯ: 200 ನ್ಯಾನೋಮೀಟರಿನ ಒಂದು ಗ್ರಾಂ ಕಣಗಳ ಒಟ್ಟು ಮೈ ಸುಮಾರು 28 ಚದರ ಮೀಟರ್. ಗಾತ್ರ ಒಂದು ಸಲದ ತಯಾರಿಕೆಯಿಂದ ಇನ್ನೊಂದಕ್ಕೆ ಬದಲಾದರೆ ಹಿಡಿಸುವ ಪ್ರೋಟೀನೂ ಬದಲಾಗಿ, ಪರೀಕ್ಷೆಯ ಫಲಿತಾಂಶವೇ ನಂಬಲಾಗದಂತಾಗುತ್ತದೆ.

ಪ್ರಶ್ನೆ: ಇಂಥ ಕಣಗಳನ್ನು ಬಾಹ್ಯಾಕಾಶದಲ್ಲಿ ತಯಾರಿಸಿ ಮಾರಿದ್ದರಂತೆ, ನಿಜವೇ?

ಉತ್ತರ: ನಿಜ. ಮೂರ್ನಾಲ್ಕು ಮೈಕ್ರೋಮೀಟರ್ ದಾಟಿದ ಕಣಗಳನ್ನು ಬೀಜದಿಂದ ಬೆಳೆಸುವುದು ಆಗ ಭೂಮಿಯ ಮೇಲೆ ದೊಡ್ಡ ತಲೆನೋವಾಗಿತ್ತು. ಸ್ಟೈರೀನಿನ ಸಾಂದ್ರತೆ 0.91, ಪಾಲಿಸ್ಟೈರೀನಿನದ್ದು 1.05; ಸ್ಟೈರೀನ್ ಹೀರಿ ಉಬ್ಬಿದ ಕಣ ಮೊದಲು ಮೇಲೆ ತೇಲುತ್ತದೆ, ಪಾಲಿಮರ್ ಆಗುತ್ತಿದ್ದಂತೆ ಮುಳುಗುತ್ತದೆ. ತೇಲದಂತೆ ಮುಳುಗದಂತೆ ಜೋರಾಗಿ ಕಲಕಿದರೆ ಮೆತ್ತಗಿರುವ ಕಣಗಳು ಒಂದಕ್ಕೊಂದು ಬಡಿದು ಅಂಟಿಕೊಳ್ಳುತ್ತವೆ. ಡೌ ಕಂಪನಿಯಲ್ಲಿದ್ದು ಆಮೇಲೆ ಲೀಹೈ ವಿಶ್ವವಿದ್ಯಾಲಯ ಸೇರಿದ ಜಾನ್ ವಾಂಡರ್‌ಹಾಫ್ ಅವರ ತಂಡ ತೂಕವೇ ಇಲ್ಲದಲ್ಲಿ ಈ ತೊಡಕೂ ಇರದು ಎಂದು ಯೋಚಿಸಿ, 1982ರ ಮಾರ್ಚ್‌ನಲ್ಲಿ ಕೊಲಂಬಿಯಾ ನೌಕೆಯಲ್ಲಿ ತನ್ನ ಪುಟ್ಟ ರಿಯಾಕ್ಟರುಗಳನ್ನು ಕಳಿಸಿತು. ಮುಂದಿನ ಯಾನಗಳಲ್ಲಿ ತಯಾರಾದ 10 ಮೈಕ್ರೋಮೀಟರಿನ ಕಣಗಳನ್ನು ಅಮೆರಿಕದ ಅಂದಿನ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್ 1985ರಿಂದ ಅಳತೆಯ ಮಾನಕವಾಗಿ ಮಾರಿತು.

ಆದರೆ ಅಷ್ಟರಲ್ಲಿ ನಾರ್ವೆಯ ಜಾನ್ ಉಗೆಲ್‌ಸ್ಟಾಡ್ ನೆಲದ ಮೇಲೆಯೇ ಬೇರೆ ದಾರಿ ಕಂಡುಕೊಂಡಿದ್ದರು, ಮತ್ತು ನನ್ನ ಮಟ್ಟಿಗೆ ಜಾಣತನದಲ್ಲಿ ಅದೇ ಒಂದು ಕೈ ಮೇಲು. ಬರೀ ಪಾಲಿಮರ್ ಕಣ ತನ್ನ ಗಾತ್ರದ ಕೆಲವೇ ಪಟ್ಟು ಮಾನೋಮರನ್ನು (ಸ್ಟೈರೀನಿನಂಥ, ಇನ್ನೂ ಸರಪಳಿಯಾಗದ ಅಣುಗಳ ದ್ರವವನ್ನು) ಹೀರಬಲ್ಲದು, ಯಾಕೆಂದರೆ ಒಳಗಿರುವ ಉದ್ದುದ್ದ ಸರಪಳಿಗಳ ಸಂಖ್ಯೆ ಕಡಿಮೆ, ಅವು ಒಡ್ಡುವ ಎಳೆತವೂ ಕಡಿಮೆ. ನೀರಿನಲ್ಲಿ ಕರಗದ, ಗಿಡ್ಡ ಅಣುಗಳ ಒಂದು ದ್ರವವನ್ನು ಮೊದಲು ಕಣದೊಳಗೆ ಸೇರಿಸಿದರೆ ಅಣುಗಳ ಸಂಖ್ಯೆ ಒಮ್ಮೆಲೇ ಏರಿ, ಆ ಕಣ ನೂರು ಪಟ್ಟಿಗೂ ಮೀರಿ ಹೀರಿಕೊಳ್ಳುತ್ತದೆ. ಒಂದೇ ಹೆಜ್ಜೆಯಲ್ಲಿ ದೊಡ್ಡ ಕಣ ಸಿದ್ಧವಾಗುವುದರಿಂದ ಹತ್ತಾರು ಸಲ ಬೆಳೆಸುವ, ಹತ್ತಾರು ಸಲ ಕೆಡಿಸಿಕೊಳ್ಳುವ ಅಪಾಯ ತಪ್ಪಿತು. ಜೀವಕೋಶಗಳನ್ನು ಬೇರ್ಪಡಿಸಲು ಬಳಸುವ, ಡೈನಾಬೀಡ್ಸ್ ಹೆಸರಿನ ಕಾಂತೀಯ ಕಣಗಳು ಈ ವಿಧಾನದ ಕೂಸು.

ಪ್ರಶ್ನೆ: ಗಾಜಿನ ಮೇಲೆ ಒಣಗಿದ ಲೇಟೆಕ್ಸಿನಲ್ಲಿ ಹಸಿರು ಹೊಳಪು ಕಂಡಿತು. ಬಣ್ಣ ಬೆರೆಸಿರಲಿಲ್ಲ. ಏನಾದರೂ ಮಲಿನವಾಗಿದೆಯೇ?

ಉತ್ತರ: ಅದು ನಿಮ್ಮ ಕಣಗಳಿಗೆ ಸಿಕ್ಕ ಪ್ರಮಾಣಪತ್ರ. ನೀರು ಆರುವಾಗ ಗೋಳಗಳು ಒತ್ತೊತ್ತಾಗಿ ಸಾಲುಗಟ್ಟುತ್ತವೆ; ಸಾಲುಗಳ ನಡುವಿನ ಅಂತರಕ್ಕೆ ಹೊಂದುವ ತರಂಗಾಂತರದ ಬೆಳಕು ಮಾತ್ರ ಬಲವಾಗಿ ಹಿಂದಿರುಗುತ್ತದೆ. ಪಾಲಿಸ್ಟೈರೀನ್ ಕಣಗಳಿಗೆ ನೇರವಾಗಿ ನೋಡಿದಾಗ ಆ ತರಂಗಾಂತರ ವ್ಯಾಸದ ಸುಮಾರು 2.4 ಪಟ್ಟು, ಅಂದರೆ ನಿಮ್ಮ ಕಣಗಳು 220 ನ್ಯಾನೋಮೀಟರಿನ ಆಸುಪಾಸಿನಲ್ಲಿರಬೇಕು. 190 ಆಗಿದ್ದರೆ ನೀಲಿ, 270 ಆಗಿದ್ದರೆ ಕೆಂಪು. ಗಾಜನ್ನು ಓರೆ ಮಾಡಿದರೆ ಹಸಿರು ನೀಲಿಯತ್ತ ಸರಿಯುವುದನ್ನೂ ನೋಡಬಹುದು. ಓಪಲ್ ಕಲ್ಲಿನ ಬಣ್ಣಕ್ಕೂ ಇದೇ ಕಾರಣ ಎಂದು, ಅಲ್ಲಿ ಸಿಲಿಕಾ ಗೋಳಗಳು ಸಾಲಾಗಿ ಕುಳಿತಿವೆ ಎಂದು, 1964ರಲ್ಲಿ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ತೋರಿಸಿತು.

ಪ್ರಶ್ನೆ: ಕೊಂಡು ತಂದ 10 ಮೈಕ್ರೋಮೀಟರಿನ ಕಣಗಳು ಬಾಟಲಿಯ ತಳದಲ್ಲಿ ಕೂತಿವೆ. ಕೆಟ್ಟಿವೆಯೇ?

ಉತ್ತರ: ಇಲ್ಲ. ಈ ಗಾತ್ರದ ಪಾಲಿಸ್ಟೈರೀನ್ ಕಣ ನೀರಿನಲ್ಲಿ ಗಂಟೆಗೆ ಸುಮಾರು ಒಂದು ಸೆಂಟಿಮೀಟರ್ ಇಳಿಯುತ್ತದೆ, ರಾತ್ರಿ ಕಳೆಯುವುದರೊಳಗೆ ತಳ ಸೇರುವುದು ಸಹಜ. 200 ನ್ಯಾನೋಮೀಟರಿನದ್ದಾದರೆ ಇಡೀ ದಿನಕ್ಕೆ ಮಿಲಿಮೀಟರಿನ ಹತ್ತನೇ ಒಂದು ಪಾಲು, ಅದನ್ನೂ ಅಣುಗಳ ತಳ್ಳಾಟ ಮತ್ತೆ ಮೇಲಕ್ಕೆ ಕದಡುತ್ತಿರುತ್ತದೆ. ಬಾಟಲಿಯನ್ನು ಜೋರಾಗಿ ಕುಲುಕಿ ನೊರೆ ಎಬ್ಬಿಸದೆ, ಅಡ್ಡ ಮಲಗಿಸಿ ನಿಧಾನವಾಗಿ ಉರುಳಿಸಿ. ಕಣಗಳು ಮತ್ತೆ ಹರಡಿಕೊಳ್ಳುತ್ತವೆ. ಫ್ರಿಜ್‌ನಲ್ಲಿಡಬಹುದು, ಆದರೆ ಹೆಪ್ಪುಗಟ್ಟುವ ಖಾನೆಯಲ್ಲಿ ಬೇಡ. ಮಂಜುಗಡ್ಡೆಯ ಹರಳುಗಳು ಬೆಳೆಯುತ್ತ ಕಣಗಳನ್ನು ಒಂದೆಡೆಗೆ ಒತ್ತರಿಸಿ ಅಂಟಿಸಿಬಿಡುತ್ತವೆ, ಅನಂತರ ಎಷ್ಟು ಉರುಳಿಸಿದರೂ ಅವು ಬಿಡಿಬಿಡಿಯಾಗುವುದಿಲ್ಲ.